ಸೇನೆಯ ತಂದೆ

1965ರ ಸೆಪ್ಟೆಂಬರ್ 22. ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆಯುತ್ತಿದ್ದ ಯುದ್ಧ ಮುಗಿಯುವುದರಲ್ಲಿತ್ತು. ಕದನವಿರಾಮಕ್ಕೆ ಇನ್ನು ಒಂದು ದಿನವೂ ಉಳಿದಿರಲಿಲ್ಲ. ಅಂದು ಶತ್ರುನೆಲೆಗಳ ಮೇಲೆ ದಾಳಿ ಮಾಡಲು ಹೋದ ನಮ್ಮ ವಾಯುಪಡೆಯ ಒಂದು ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡುಗಳು ತಗುಲಿ ಬೆಂಕಿ ಹೊತ್ತಿಕೊಂಡಿತು. ಅದನ್ನು ನಡೆಸುತ್ತಿದ್ದ ತರುಣನು ಹೊರಕ್ಕೆ ಚಿಮ್ಮಿ ಪ್ರಾಣ ಉಳಿಸಿಕೊಂಡನಾದರೂ ನೆಲಕ್ಕೆ ಬಿದ್ದ ರಭಸಕ್ಕೆ ಅವನ ಬೆನ್ನೆಲುಬಿಗೆ ಪೆಟ್ಟಾಯಿತು. ಏಳಲಾರದೆ ಬಿದ್ದಿದ್ದ ಅವನನ್ನು ಪಾಕಿಸ್ತಾನದ ಸೈನಿಕರು ಸೆರೆಹಿಡಿದರು. ಹೆಸರು ಕೇಳಿದಾಗ ಅವನು ಹೇಳಿದ ಹೆಸರು ಕಾರ್ಯಪ್ಪ.

ಆ ಹೆಸರು ಅಲ್ಲಿಯ ಸೇನಾಧಿಕಾರಿಗಳಿಗೆ ಅಪರಿಚಿತವಾಗಿರಲಿಲ್ಲ. ದೇಶ ಇಬ್ಭಾಗವಾಗುವ ಮೊದಲು ಅವರಲ್ಲಿ ಹಲವರು ಭಾರತದ ಸೇನೆಯಲ್ಲಿಯೇ ಇದ್ದವರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರೂ ಹಿಂದೊಮ್ಮೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದರು. ಸೆರೆಸಿಕ್ಕ ತರುಣನು ಅದೇ ಕಾರ್ಯಪ್ಪನವರ ಒಬ್ಬನೇ ಮಗ ನಂದ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಮನೆಯಲ್ಲಿ ಬಾಲಕನನ್ನು ಎಲ್ಲರೂ 'ಚಿಮ್ಮ' ಎಂದು ಕರೆಯುತ್ತಿದ್ದರು. ಮಡಿಕೇರಿಯಲ್ಲಿಯೂ ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ, 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ಸೇನಾಧಿಕಾರಿಯ ಶಿಕ್ಷಣ ಪಡೆದ ಕೆಲವೇ ಭಾರತೀಯ ತರುಣರಲ್ಲಿ ಅವರೂ ಒಬ್ಬರಾದರು. ಭಾರತೀಯನ ಆಜ್ಞೆಗೆ ತಲೆಬಾಗುವುದು ಆಂಗ್ಲ ಅಧಿಕಾರಿಗಳಿಗೆ ಸಹಿಸದಿದ್ದ ಕಾಲವದು. ಅಂಥ ಕಾಲದಲ್ಲಿ, 1933ರಲ್ಲಿ, ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಮೊದಲ ಭಾರತೀಯ ಅಧಿಕಾರಿ ಅವರಾದರು. 1942ರಲ್ಲಿ ಒಂದು ಪೂರ್ಣ ದಳದ ನಾಯಕತ್ವ ದೊರೆತ ಮೊದಲಿಗರೂ ಅವರೇ.

ಸ್ವಾತಂತ್ರ್ಯ ಬಂದ ಕೂಡಲೇ ಕಾಶ್ಮೀರದಲ್ಲಿ ಯುದ್ಧ ಆರಂಭವಾಯಿತು. 1948ರಲ್ಲಿ ಪಶ್ಚಿಮ ವಿಭಾಗದ ಸೇನೆಯ ಹೊಣೆ ಕಾರ್ಯಪ್ಪನವರ ಮೇಲೆ ಬಿತ್ತು. ಅವರ ಕೈಕೆಳಗೆ ಕೊಡಗಿನವರೇ ಆದ ತಿಮ್ಮಯ್ಯನವರಿದ್ದರು. ಹನ್ನೊಂದು ಸಾವಿರ ಅಡಿಗೂ ಮಿಕ್ಕಿದ ಎತ್ತರದ ಜೋಜಿಲಾ ಕಣಿವೆಗೆ ನವೆಂಬರದ ಹಿಮದಲ್ಲಿ ಟ್ಯಾಂಕುಗಳನ್ನು ಏರಿಸಿದ ಸಾಹಸದಿಂದ ಲಡಾಖಿನ ದಾರಿ ಮತ್ತೆ ತೆರೆಯಿತು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನು ಪ್ರತಿವರ್ಷವೂ ಸೇನಾದಿನವೆಂದು ಆಚರಿಸುತ್ತೇವೆ.

ಪದವಿಗಿಂತ ಹೆಚ್ಚಾಗಿ ನಾವು ಗಮನಿಸಬೇಕಾದುದು ಅವರು ಸೇನೆಗೆ ಕಲಿಸಿದ ಪಾಠಗಳನ್ನು. ಬ್ರಿಟಿಷರ ಕಾಲದಲ್ಲಿ ಅನೇಕ ಪಡೆಗಳನ್ನು ಜಾತಿ, ಪಂಗಡ, ಪ್ರಾಂತಗಳನ್ನು ನೋಡಿ ಕಟ್ಟುತ್ತಿದ್ದರು. ದೇಶದ ಎಲ್ಲ ಭಾಗಗಳ, ಎಲ್ಲ ಜಾತಿಗಳ ಜವಾನರು ಒಂದೇ ಸಾಲಿನಲ್ಲಿ ನಿಲ್ಲುವ ಗಾರ್ಡ್ಸ್ ಪಡೆಯನ್ನು ಕಾರ್ಯಪ್ಪನವರು 1949ರಲ್ಲಿ ಆರಂಭಿಸಿದರು. ಸೈನಿಕನು ರಾಜಕೀಯದಿಂದ ದೂರವಿರಬೇಕೆಂಬುದನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನೆರೆಹೊರೆಯ ಕೆಲವು ದೇಶಗಳಲ್ಲಿ ಸೇನೆಯೇ ಆಳ್ವಿಕೆಯನ್ನು ಕಸಿದುಕೊಂಡುದನ್ನು ನೋಡಿದಾಗ ಈ ಪಾಠದ ಬೆಲೆ ತಿಳಿಯುತ್ತದೆ.

ಗುರುವಿಗೂ ಒಂದು ಕೊರತೆಯಿತ್ತು. ಇಂಗ್ಲಿಷಿನಲ್ಲಿ ಪಳಗಿದ ಅವರಿಗೆ ಹಿಂದೂಸ್ತಾನಿ ಅಷ್ಟಾಗಿ ಒಲಿದಿರಲಿಲ್ಲ. ಸ್ವಾತಂತ್ರ್ಯ ಬಂದಾಗ ಜವಾನರಿಗೆ 'ನಾವು ಸ್ವತಂತ್ರರು, ದೇಶ ಸ್ವತಂತ್ರ' ಎಂದು ಹೇಳಹೊರಟು, 'ಪುಕ್ಕಟೆ' ಎಂಬ ಅರ್ಥದ 'ಮುಫ್ತ್' ಎಂಬ ಮಾತನ್ನು ಬಳಸಿಬಿಟ್ಟರೆಂದು ಸೇನೆಯಲ್ಲಿ ಹೇಳಿ ನಗುವುದುಂಟು. ಜವಾನರು ಪ್ರೀತಿಯಿಂದಲೇ ನಕ್ಕಿರಬೇಕು.

ಮನೆಯಲ್ಲಿ ಕಾರ್ಯಪ್ಪನವರು ಮಗ ನಂದ, ಮಗಳು ನಳಿನಿಯರ ತಂದೆ. ಈ ಮಕ್ಕಳಿಗೆ ತಾಯಿಯ ಆಸರೆ ಬಾಲ್ಯದಲ್ಲಿಯೇ ತಪ್ಪಿತ್ತು. ತಂದೆಯ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಆ ಪ್ರೀತಿ ಶಿಸ್ತಿನ ಗೆರೆಯನ್ನು ದಾಟುತ್ತಿರಲಿಲ್ಲ. ಅವರು ಮಹಾದಂಡನಾಯಕರಾಗಿದ್ದಾಗ ನಡೆದ ಒಂದು ಸಂಗತಿಯನ್ನು ಮಗನೇ ಮುಂದೆ ನೆನಪಿಸಿಕೊಂಡಿದ್ದಾರೆ. ಒಂದು ದಿನ ಬಾಲಕನನ್ನು ಶಾಲೆಯಿಂದ ಕರೆತರಬೇಕಾದ ವಾಹನ ಬರಲಿಲ್ಲ. ತಂದೆಯ ಸಹಾಯಕ ಅಧಿಕಾರಿಯೊಬ್ಬನು ಮಗು ಕಾಯುತ್ತಿರುವುದೆಂದು ಮರುಗಿ ಸೇನೆಯ ಕಾರನ್ನು ಕಳುಹಿಸಿದನು. ವಿಷಯ ತಿಳಿದಾಗ ಕಾರ್ಯಪ್ಪನವರು ಆ ಅಧಿಕಾರಿಯನ್ನು ಗದರಿದರು. ಕಾರಿನ ವೆಚ್ಚವನ್ನು ತಮ್ಮ ಸ್ವಂತ ಹಣದಿಂದ ಕಟ್ಟಿಸಿದರು. ಪಾಪ, ಆ ಅಧಿಕಾರಿಯ ತಪ್ಪಾದರೂ ಏನು ಎಂದು ನಮಗೆ ಅನ್ನಿಸಬಹುದು. ಕಾರ್ಯಪ್ಪನವರ ದೃಷ್ಟಿಯಲ್ಲಿ ಸೇನೆಯ ಕಾರು ಸೇನೆಯದು, ಮಗ ತನ್ನವನು; ಎರಡನ್ನೂ ಬೆರೆಸುವಂತಿರಲಿಲ್ಲ.

ಇಂಥ ತಂದೆಯ ಕಿವಿಗೆ 1965ರಲ್ಲಿ ಮಗ ಸೆರೆಸಿಕ್ಕ ಸುದ್ದಿ ಬಿದ್ದಿತು. ಅವರಾಗ ನಿವೃತ್ತರಾಗಿ ಮಡಿಕೇರಿಯ 'ರೋಶನಾರಾ' ಎಂಬ ತಮ್ಮ ಮನೆಯಲ್ಲಿದ್ದರು. ನಂದ ಕ್ಷೇಮವಾಗಿದ್ದಾನೆಂದು ಪಾಕಿಸ್ತಾನದ ರೇಡಿಯೋ ಸಾರಿತು. ಹಳೆಯ ಮೇಲಧಿಕಾರಿಯ ಮೇಲಿನ ಗೌರವದಿಂದ ಅಯೂಬ್ ಖಾನರು, ತಂದೆ ಬಯಸಿದರೆ ಮಗನನ್ನು ಬಿಡುಗಡೆ ಮಾಡುವುದಾಗಿ ತಮ್ಮ ರಾಯಭಾರಿಯ ಮೂಲಕ ತಿಳಿಸಿದರು. ಒಂದು ಮಾತು ಸಾಕಾಗಿತ್ತು. ಬೆನ್ನು ಮುರಿದುಕೊಂಡು ಪರದೇಶದಲ್ಲಿ ಮಲಗಿದ್ದ ಒಬ್ಬನೇ ಮಗನಿಗಾಗಿ ಆ ಮಾತನ್ನು ಆಡಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ.

ಕಾರ್ಯಪ್ಪನವರು ಆ ಮಾತನ್ನು ಆಡಲಿಲ್ಲ. ಅವನು ಈಗ ತನ್ನ ಮಗನಲ್ಲ, ದೇಶದ ಮಗ. ಉಳಿದ ಸೆರೆಯಾಳುಗಳನ್ನು ನಡೆಸಿಕೊಳ್ಳುವಂತೆಯೇ ಅವನನ್ನೂ ನಡೆಸಿಕೊಳ್ಳಿರಿ. ಬಿಡುವುದಾದರೆ ಎಲ್ಲರನ್ನೂ ಬಿಡಿರಿ, ಇಲ್ಲವೇ ಯಾರನ್ನೂ ಬಿಡಬೇಡಿರಿ ಎಂಬುದು ಅವರ ಉತ್ತರದ ಸಾರ. ಆ ಸೆರೆಮನೆಗಳಲ್ಲಿದ್ದ ಎಷ್ಟೋ ತರುಣರ ತಂದೆಯರು ಹಳ್ಳಿಗಳ ರೈತರು; ಅವರ ಪರವಾಗಿ ಯಾವ ಅಧ್ಯಕ್ಷನೂ ಸಂದೇಶ ಕಳುಹಿಸುವಂತಿರಲಿಲ್ಲ. ಆ ರಾತ್ರಿಗಳನ್ನು ಕಾರ್ಯಪ್ಪನವರು ಹೇಗೆ ಕಳೆದರೋ ನಾವು ಊಹಿಸಬಹುದಷ್ಟೇ.

ನಾಲ್ಕು ತಿಂಗಳು ಕಳೆದವು. ತಾಷ್ಕೆಂಟ್ ಒಪ್ಪಂದವಾದ ಮೇಲೆ, 1966ರ ಜನವರಿಯಲ್ಲಿ, ನಂದ ಇತರ ಸೆರೆಯಾಳುಗಳೊಂದಿಗೆ ತಾಯ್ನಾಡಿಗೆ ಮರಳಿದರು. ಬೆನ್ನಿನ ಪೆಟ್ಟಿನಿಂದ ಚೇತರಿಸಿಕೊಂಡು ಹೆಲಿಕಾಪ್ಟರುಗಳನ್ನು ನಡೆಸಿದರು; ಮುಂದೆ ಏರ್ ಮಾರ್ಷಲ್ ಪದವಿಗೇರಿ ನಿವೃತ್ತರಾದರು; ತಂದೆಯ ಜೀವನಚರಿತ್ರೆಯನ್ನೂ ಬರೆದರು.

1986ರಲ್ಲಿ ಸರಕಾರವು ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ರಾಷ್ಟ್ರಪತಿಭವನದ ಸಮಾರಂಭದ ದಿನ ಅವರ ಕಾಲ್ಬೆರಳು ಬಹಳ ನೋಯುತ್ತಿತ್ತು. ಸಡಿಲವಾದ ಪಾದರಕ್ಷೆ ಮೆಟ್ಟಿ, ಊರುಗೋಲು ಹಿಡಿದು ಬರಬೇಕೆಂದು ಮನೆಯವರು ಬೇಡಿಕೊಂಡರೂ ಅವರು ಕೇಳಲಿಲ್ಲ. ಸಮವಸ್ತ್ರಕ್ಕೆ ಒಪ್ಪುವ ಬೂಟುಗಳನ್ನೇ ತೊಟ್ಟು, ಯಾರ ಆಸರೆಯೂ ಇಲ್ಲದೆ, ಸಮಾರಂಭ ಮುಗಿಯುವವರೆಗೂ ನೆಟ್ಟಗೆ ನಿಂತಿದ್ದರು.

1993ರ ಮೇ 15ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು.