ಪೊರಕೆ ಕೈಗೆತ್ತಿಕೊಳ್ಳುವ ಮುನ್ನ

ವಿದ್ಯಾರಣ್ಯಪುರ, ಬೆಂಗಳೂರು

ಪ್ರೀತಿಯ ಮಗಳೇ,

ಕಿಡ್ನಿ ಕಸಿ ಮಾಡಿಸಿಕೊಂಡು ಮನೆಗೆ ಬಂದವರ ಕಿವಿಗೆ ಬೀಳುವ ಮಾತು ಎರಡೇ. ‘ಏನೂ ಮುಟ್ಟಬೇಡ, ಸುಮ್ಮನೆ ಕೂತಿರು’ ಎನ್ನುವುದು ಒಂದು. ‘ಈಗ ಹುಷಾರಾದೆಯಲ್ಲ, ಇನ್ನೇನಂತೆ’ ಎನ್ನುವುದು ಇನ್ನೊಂದು. ಗಂಡಸರಿಗೆ ಮೊದಲನೆಯದು ವರ್ಷಗಟ್ಟಲೆ ಸಿಗುತ್ತದೆ. ಹೆಂಗಸರಿಗೆ ಎರಡನೆಯದು ಹೊಲಿಗೆ ಒಣಗುವ ಮೊದಲೇ ಸಿಗುತ್ತದೆ. ಎರಡನ್ನೂ ನಂಬಬೇಡ ಎಂದು ಹೇಳಲು ಈ ಕಾಗದ.

ನನ್ನ ಹೊಟ್ಟೆಯ ಬಲಗಡೆ ತಂಗಿ ಕೊಟ್ಟ ಕಿಡ್ನಿ ಬಂದು ಕೂತು ಬಹಳ ವರ್ಷವಾಯಿತು. ಬಿಇಎಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು ನಾನು, ವೈದ್ಯಳಲ್ಲ. ಇಲ್ಲಿ ಬರೆದದ್ದಕ್ಕೂ ನಿನ್ನ ಡಾಕ್ಟರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅವರ ಮಾತನ್ನೇ ಕೇಳು. ನಿನ್ನದು ಲಿವರೋ ಹೃದಯವೋ ಆಗಿದ್ದರೆ ಗಾಯದ ಜಾಗ, ಭಾರದ ಲೆಕ್ಕ ಬೇರೆಯಾಗುತ್ತದೆ. ಸೋಂಕಿನ ವಿಚಾರ ಮಾತ್ರ ನಮಗೆಲ್ಲ ಹೆಚ್ಚುಕಡಿಮೆ ಒಂದೇ.

ಮೊದಲು ಭಾರದ ಮಾತು ಮುಗಿಸಿಬಿಡೋಣ. ಮೊದಲ 6ರಿಂದ 8 ವಾರ 4–5 ಕಿಲೋಗಿಂತ ಹೆಚ್ಚು ಎತ್ತಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ 3 ತಿಂಗಳು ಎನ್ನುತ್ತಾರೆ. ಕೇಳುವಾಗ ಸುಲಭ ಅನಿಸುತ್ತದೆ. ಮನೆಯಲ್ಲಿ ಸುತ್ತ ನೋಡಿದರೆ ಐದು ಕಿಲೋ ಒಳಗಿನ ವಸ್ತುವೇ ಕಡಿಮೆ. ಬಕೆಟ್ಟಿನಲ್ಲಿ ಮೂರನೇ ಒಂದು ಪಾಲು ನೀರು ತುಂಬುವಷ್ಟರಲ್ಲಿ ಐದು ಕಿಲೋ ಆಗಿಹೋಗುತ್ತದೆ. ಕುಡಿಯುವ ನೀರಿನ ಕ್ಯಾನು 20 ಲೀಟರು, ಅಂದರೆ 20 ಕಿಲೋ. ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಕಬ್ಬಿಣವೂ ಸೇರಿದರೆ 30ರ ಹತ್ತಿರ. ‘ಎತ್ತಲಿಲ್ಲ, ಉರುಳಿಸಿಕೊಂಡು ಬಂದೆ ಅಷ್ಟೇ’ ಎನ್ನಬೇಡ, ಸಿಲಿಂಡರ್ ಉರುಳಿಸುವಾಗಲೂ ಹೊಟ್ಟೆ ಬಿಗಿಯಲೇಬೇಕು. ಒಗೆದ ದಪ್ಪ ಬೆಡ್‌ಶೀಟು, ಹಿಟ್ಟು ತುಂಬಿದ ಗ್ರೈಂಡರಿನ ಪಾತ್ರೆ, ಎರಡು ವರ್ಷದ ಮಗು, ಎಲ್ಲವೂ ಲೆಕ್ಕ ಮೀರಿದವೇ. ಮಗುವನ್ನು ಎತ್ತಿಕೊಳ್ಳಬೇಡ. ನೀನು ಕೂತುಕೋ, ಮಗುವೇ ಮಡಿಲಿಗೆ ಹತ್ತಲಿ. ಹತ್ತುವಾಗ ಮೊಣಕಾಲು ಗಾಯಕ್ಕೆ ತಾಗದಂತೆ ಒಂದು ದಿಂಬು ಅಡ್ಡ ಇಟ್ಟುಕೋ.

ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಕೂರಿಸುವುದಿಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಇಡುತ್ತಾರೆ. ಅಲ್ಲಿ ಪಕ್ಕೆಲುಬಿನ ಮರೆಯಿಲ್ಲ. ಅಡುಗೆಮನೆ ಕಟ್ಟೆಯ ಮೂಲೆ, ಗೇಟಿನ ಚಿಲಕ, ಮಕ್ಕಳ ಸೈಕಲ್ಲಿನ ಹ್ಯಾಂಡಲು ಎಲ್ಲವೂ ಸರಿಯಾಗಿ ಅದೇ ಎತ್ತರಕ್ಕೆ ಬರುತ್ತವೆ. ಸ್ಟೀರಾಯ್ಡ್ ಮಾತ್ರೆ ಗಾಯ ಮಾಯುವುದನ್ನು ನಿಧಾನ ಮಾಡುವುದರಿಂದ, ಅವಸರಪಟ್ಟು ಭಾರ ಎತ್ತಿದವರಿಗೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗುವುದುಂಟು. ಕುಕ್ಕರುಗಾಲಲ್ಲಿ ನೆಲ ಒರೆಸುವುದು, ಈಳಿಗೆಮಣೆಯ ಮುಂದೆ ಕೂರುವುದು ಸದ್ಯಕ್ಕೆ ಬೇಡ. ಹೊಸ ಕಿಡ್ನಿ ಉಳಿಸಿಕೊಳ್ಳಲು ಟ್ಯಾಕ್ರೊಲಿಮಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಲವರಿಗೆ ಕೈ ಸಣ್ಣಗೆ ನಡುಗುತ್ತದೆ. ಮೇಜಿನ ಮೇಲೆ ಹಲಗೆ ಇಟ್ಟು ಚಾಕುವಿನಲ್ಲಿ ಹೆಚ್ಚು, ಬಾಣಲೆಯ ಕಾದ ಎಣ್ಣೆಯನ್ನು ಬೇರೆಯವರು ಬಗ್ಗಿಸಲಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿಸಿಕೊಂಡ ಕೈಯಲ್ಲಿ ಚೀಲ ನೇತುಹಾಕಿಕೊಳ್ಳುವುದು, ಬಿಗಿ ಬಳೆ ತೊಡುವುದು ಈಗಲೂ ಬೇಡ.

ಒಂದು ವಿಷಯ ನನಗೆ ಸಿಟ್ಟು ತರಿಸುತ್ತದೆ. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದು, ತೀರಿಹೋದವರ ಕುಟುಂಬ ಕೊಟ್ಟ ಅಂಗ ಪಡೆದವರ ಮನೆಯಲ್ಲಿ ರೋಗಿ ಒಬ್ಬರೇ. 2023ರಲ್ಲಿ ಕರ್ನಾಟಕದಲ್ಲಿ ಅಂಥ 178 ದಾನಿಗಳಿದ್ದರು. ಆದರೆ ನಮ್ಮಲ್ಲಿ ಹೆಚ್ಚಿನ ಕಿಡ್ನಿಗಳು ಮನೆಯವರಿಂದಲೇ ಬರುತ್ತವೆ, ಅದರಲ್ಲೂ ತಾಯಿಯಿಂದ, ಹೆಂಡತಿಯಿಂದ. ಅಂದರೆ ಆ ಮನೆಯಲ್ಲಿ ಇಬ್ಬರ ಹೊಟ್ಟೆ ಕೊಯ್ದಿರುತ್ತದೆ. ಒಬ್ಬರಿಗೆ ಬೇರೆ ಕೋಣೆ, ಬಿಸಿನೀರು, ಬಂದವರಿಗೆಲ್ಲ ಮಾಸ್ಕು. ಕೊಟ್ಟವಳು ಹದಿನೈದು ದಿನಕ್ಕೆಲ್ಲ ಪೊರಕೆ ಹಿಡಿದು ನಿಂತಿರುತ್ತಾಳೆ, ಪಡೆದವರ ಕೆಲಸವೂ ತನ್ನದೇ ಎಂಬಂತೆ. ದಾನಿಗೂ ಮೊದಲ ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ನಿನಗೆ ಕೊಟ್ಟವರು ಅಮ್ಮನಾಗಿದ್ದರೆ ಕ್ಯಾನು, ಸಿಲಿಂಡರು, ಟೆರೇಸಿನ ಬಟ್ಟೆ ಇವು ನಿನ್ನವೂ ಅಲ್ಲ, ಅವರವೂ ಅಲ್ಲ. ಮನೆಯಲ್ಲಿ ಅಣ್ಣನೋ ಗಂಡನೋ ಅಪ್ಪನೋ ಇರುತ್ತಾರಲ್ಲ, ಅವರಿಗೆ ಹೇಳು. ಹೇಳಲು ಸಂಕೋಚವಾದರೆ ಈ ಕಾಗದವನ್ನು ಊಟದ ಮೇಜಿನ ಮೇಲೆ ಬಿಟ್ಟುಬಿಡು.

ಇನ್ನು ಅಂಗಳ. ನಮ್ಮ ಬಡಾವಣೆ ನಿನಗೆ ಗೊತ್ತೇ ಇದೆ. ಕಾಂಪೌಂಡಿನ ಒಳಗೆ ಎರಡಡಿ ಮಣ್ಣಿದ್ದರೂ ಅಲ್ಲೊಂದು ದಾಸವಾಳ, ಒಂದು ಕರಿಬೇವು, ಮೂಲೆಯಲ್ಲಿ ದೊಡ್ಡಪತ್ರೆ. ನವೆಂಬರ್‌ನಲ್ಲಿ ಜಿಕೆವಿಕೆ ಕೃಷಿಮೇಳಕ್ಕೆ ಹೋಗಿ ಬರಿಗೈಲಿ ಬಂದವರನ್ನು ನಾನು ನೋಡಿಲ್ಲ. ಕಸಿಯಾದವರಿಗೆ ಬಿಡಲು ಕಷ್ಟವಾಗುವುದು ಈ ಗಿಡಗಳ ಕೆಲಸ, ಅಪಾಯ ಹೆಚ್ಚಿರುವುದೂ ಇಲ್ಲೇ.

ನಾವು ನುಂಗುವ ಮಾತ್ರೆಗಳು ಹುಟ್ಟಿದ್ದೂ ಮಣ್ಣಿನಲ್ಲೇ ಎಂಬುದು ಒಂದು ತಮಾಷೆ. ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ 1984ರಲ್ಲಿ ಸಿಕ್ಕಿದ್ದು ಟ್ಯಾಕ್ರೊಲಿಮಸ್. ಅದಕ್ಕೂ ಹಿಂದಿನ ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದ್ದು, ಸಿರೊಲಿಮಸ್ ಈಸ್ಟರ್ ದ್ವೀಪದ ಮಣ್ಣಿನದು. ಮೈಯ ಕಾವಲುಪಡೆ ಹೊಸ ಕಿಡ್ನಿಯ ಮೇಲೆ ಬೀಳದಂತೆ ಈ ಔಷಧಗಳು ತಡೆಯುತ್ತವೆ. ತಡೆದ ಮೇಲೆ, ಉಳಿದವರಿಗೆ ಏನೂ ಮಾಡದ ಮಣ್ಣಿನ ಬೂಷ್ಟು ನಮ್ಮ ಶ್ವಾಸಕೋಶದಲ್ಲಿ ಬೇರೂರಬಹುದು.

ಅದರಲ್ಲಿ ಮುಖ್ಯವಾದದ್ದು ಆಸ್ಪರ್ಜಿಲಸ್ ಎಂಬ ಬೂಷ್ಟು. ಕೊಳೆಯುವ ಎಲೆ, ಬೆಚ್ಚಗಿರುವ ಗೊಬ್ಬರ ಇದರ ತವರು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಒಳ್ಳೆಯ ಅಭ್ಯಾಸ ಬೆಂಗಳೂರಿನ ಎಷ್ಟೋ ಮನೆಗಳಲ್ಲಿದೆ, ನಿಮ್ಮಲ್ಲೂ ಡಬ್ಬ ಇರಬಹುದು. ಅದರ ಮುಚ್ಚಳ ತೆರೆದು ಕೋಲಿನಿಂದ ತಿರುವುವಾಗ ಏಳುವ ಹಬೆ, ಧೂಳಿನಲ್ಲಿ ಆ ಬೂಷ್ಟಿನ ಬೀಜಕಣಗಳು ತುಂಬಿರುತ್ತವೆ. ಕಾಂಪೋಸ್ಟ್ ಡಬ್ಬವನ್ನು ನೀನು ಮುಟ್ಟಲೇಬಾರದು, ಮೊದಲ ವರ್ಷ ಮಾತ್ರವಲ್ಲ, ಎಂದಿಗೂ. ತಿರುವುವವರು ಬೇರೆ ಯಾರೂ ಇಲ್ಲದಿದ್ದರೆ ಹಸಿ ಕಸವನ್ನು ಬೆಳಗಿನ ಕಸದ ಆಟೋಗೆ ಹಾಕಿಬಿಡಿ. ಪರಿಸರಕ್ಕೆ ದ್ರೋಹ ಬಗೆದೆ ಎಂದು ಕೊರಗಬೇಕಾಗಿಲ್ಲ. ಹೊಂಗೆ ಎಲೆ ಉದುರುವ ಕಾಲದಲ್ಲಿ ತರಗೆಲೆ ಗುಡಿಸುವುದು, ರಾಶಿ ಹಾಕುವುದೂ ಇದೇ ಲೆಕ್ಕಕ್ಕೆ ಸೇರಿದ ಕೆಲಸ.

ಉಳಿದ ತೋಟದ ಕೆಲಸಕ್ಕೆ ಮೊದಲ 6 ತಿಂಗಳು ಬಾಗಿಲಿನಾಚೆಯಿಂದ ನೋಡಿ ಸುಮ್ಮನಿರು. ಆಮೇಲೆ ಡಾಕ್ಟರನ್ನು ಕೇಳಿ, ರಕ್ತಪರೀಕ್ಷೆ ಸರಿಯಿದ್ದರೆ ಶುರುಮಾಡು. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವ ಮೊದಲು ಕೈಗವಸು, ಕನ್ನಡಕ ಹಾಕಿಕೊಳ್ಳುತ್ತಿದ್ದೆವಲ್ಲ, ಇಲ್ಲೂ ಅಷ್ಟೇ: ದಪ್ಪ ಗ್ಲೌಸು, ಎನ್-95 ಮಾಸ್ಕು, ತುಂಬುತೋಳಿನ ಅಂಗಿ, ಪಾದ ಮುಚ್ಚುವ ಚಪ್ಪಲಿ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿದರೆ ಚರ್ಮದ ಮೂಲಕ ಒಳಹೋಗುವ ಹುಳುವೊಂದಿದೆ, ಸ್ಟ್ರಾಂಗಿಲಾಯ್ಡಿಸ್ ಅಂತ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮೈಯಲ್ಲಿ ಅದು ವಿಪರೀತ ಹೆಚ್ಚಿಕೊಳ್ಳುತ್ತದೆ. ಗುಲಾಬಿ ಮುಳ್ಳು ಚುಚ್ಚಿದರೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು, ನಾಲ್ಕು ದಿನ ಆ ಜಾಗದ ಮೇಲೆ ಕಣ್ಣಿಡು. ಕುಂಡಕ್ಕೆ ಮಣ್ಣು ತುಂಬುವುದನ್ನು, ತೆಂಗಿನನಾರಿನ ಪುಡಿಯ ಚೀಲ ಬಿಚ್ಚುವುದನ್ನು ಮಾಲಿ ಮಾಡಲಿ, ಅವನೂ ಮೊದಲು ನೀರು ಚಿಮುಕಿಸಿಕೊಳ್ಳಲಿ. ನೀನು ನೀರು ಹಾಕು, ಹೂ ಬಿಡಿಸು, ಕರಿಬೇವು ಕೀಳು. ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ. ಈ ಔಷಧಗಳಿಂದ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಕಪ್ಪು ಚರ್ಮದವರಿಗೆ ಬಿಳಿಯರಷ್ಟು ಭಯವಿಲ್ಲ ಎಂದಮಾತ್ರಕ್ಕೆ ಟೋಪಿ ಬಿಡಬೇಕಿಲ್ಲ.

ಯಾವಾಗಲಾದರೂ ಮೈಯ ಕಾವಲುಪಡೆ ಹೊಸ ಕಿಡ್ನಿಯ ಮೇಲೆ ಬಿದ್ದು ರಿಜೆಕ್ಷನ್ ಆಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ, ಈ ತಿಂಗಳುಗಳ ಲೆಕ್ಕವನ್ನು ಮತ್ತೆ ಒಂದರಿಂದ ಎಣಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಧೂಳು ನಾವಾಗಿ ಎಬ್ಬಿಸಿದ್ದೇ ಆಗಬೇಕಿಲ್ಲ. ನಮ್ಮ ರಸ್ತೆಗಳಲ್ಲಿ ಹಳೆಯ ಮನೆ ಕೆಡವಿ ಮೂರಂತಸ್ತು ಏರಿಸುವುದು ನಿಂತ ದಿನವೇ ಇಲ್ಲ. ಪಕ್ಕದಲ್ಲಿ ಗೋಡೆ ಒಡೆಯುತ್ತಿದ್ದರೆ ಆ ಕಡೆಯ ಕಿಟಕಿ ಹಾಕಿಬಿಡು, ಹೊರಗೆ ಹೋಗುವಾಗ ಮಾಸ್ಕು ಇರಲಿ. ಆಯುಧಪೂಜೆಗೆ ಅಟ್ಟ ಇಳಿಸಿ ಕೊಡವುವ ದಿನ ನೀನು ಅಕ್ಕನ ಮನೆಗೆ ಹೋಗಿ ಕೂತುಕೋ. ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಒಣಗಿದ್ದರೆ ಕೆರೆಯುವುದಂತೂ ಬೇಡವೇ ಬೇಡ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಅದರಲ್ಲಿ ಬೆಳೆಯುತ್ತದೆ, ಮೆದುಳುಪೊರೆಗೇ ಹೋಗಬಲ್ಲದು. ಬೇರೆಯವರು ನೆನೆಸಿ ತೊಳೆದು ಬಲೆ ಕಟ್ಟಿಸಲಿ. ದಿನದ ಕಸ ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯ ಮಾಪ್ ಹಿಡಿ. ನಾಯಿ ಇದ್ದರೆ ಇರಲಿ. ಬೆಕ್ಕಿನ ಮರಳಿನ ತಟ್ಟೆ, ಪಂಜರದ ಹಕ್ಕಿ, ಮೀನಿನ ತೊಟ್ಟಿ ತೊಳೆಯುವುದು ನಿನ್ನದಲ್ಲ. ಮನೆಯಲ್ಲಿ ಪುಟ್ಟ ಮಗುವಿಗೆ ಪೋಲಿಯೋ ಹನಿ ಹಾಕಿಸಿದರೆ, ಜೀವಂತ ವೈರಸ್ಸು ಕೆಲವು ವಾರ ಮಲದಲ್ಲಿ ಬರುತ್ತಿರುತ್ತದೆ. ಆಗ ಡೈಪರು ಬೇರೆಯವರು ಬದಲಿಸಲಿ.

ನೀರಿನ ವಿಚಾರ. ಕಾವೇರಿಯೋ ಬೋರೋ ಟ್ಯಾಂಕರೋ, ಎಲ್ಲ ಬಂದು ಬೀಳುವುದು ಒಂದೇ ಸಂಪಿಗೆ. ಸಂಪು ತೊಳೆಯಲು ಇಳಿಯಬೇಡ, ಕುಡಿಯುವ ನೀರನ್ನು ಕುದಿಸದೆ ಕುಡಿಯಬೇಡ. ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮೊಟ್ಟೆಯಿಡುವುದು ತಿಳಿನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆ, ಎಳನೀರಿನ ಬುರುಡೆ, ಹಳೆ ಟಯರು ವಾರಕ್ಕೊಮ್ಮೆಯಾದರೂ ಖಾಲಿಯಾಗಬೇಕು. ಮಾಡಿಸುವ ಮೇಸ್ತ್ರಿ ನೀನಾಗು.

ಅಡುಗೆಮನೆಗೆ ನೀನು ಬೇಗ ಮರಳಬಹುದು, ಮರಳಬೇಕು ಕೂಡ. ನಿಂತು ಒಗ್ಗರಣೆ ಹಾಕಿ, ಕೂತು ಸೊಪ್ಪು ಬಿಡಿಸಿದರೆ ಕಾಲಿಗೂ ಮನಸ್ಸಿಗೂ ಬಲ ಬರುತ್ತದೆ. ಹಸಿ ಮೊಳಕೆಕಾಳು, ಕಾಯಿಸದ ಹಾಲು, ನಿನ್ನೆಯಿಂದ ಹೊರಗಿಟ್ಟ ಅನ್ನ ಬೇಡ. ರಾಮನವಮಿಯ ಕೋಸಂಬರಿ ಒಂದು ವರ್ಷ ತಪ್ಪಿದರೆ ರಾಮ ಕೋಪಿಸಿಕೊಳ್ಳುವುದಿಲ್ಲ. ಮಾಂಸ ಹೆಚ್ಚುವ ಹಲಗೆ, ಚಾಕು ಬೇರೆ ಇರಲಿ. ಇಲ್ಲೇ ಯಲಹಂಕದಾಚೆ ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಗುರುತು ಪಡೆದ ಹಣ್ಣು, ನನಗೆ ಪ್ರಾಣ. ಆದರೆ ಗ್ರೇಪ್‌ಫ್ರೂಟ್‌ನಂತೆಯೇ ಅದೂ ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರುವಂತೆ ಮಾಡುತ್ತದೆ, ಏರಿದರೆ ಕಿಡ್ನಿಗೇ ಪೆಟ್ಟು. ನಾನು ಬಿಟ್ಟೆ, ನೀನೂ ಬಿಡು. ಅಮೃತಬಳ್ಳಿ ಕಷಾಯ ಕೊಡುವ ಅಕ್ಕಪಕ್ಕದವರು ನಿನಗೂ ಸಿಗುತ್ತಾರೆ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಅವರು ಹೇಳುವುದೇ ನಾವು ಕುಡಿಯಬಾರದೆಂಬುದಕ್ಕೆ ಕಾರಣ. ಆ ಶಕ್ತಿಯನ್ನು ತಗ್ಗಿಸಲೆಂದೇ ಸಾವಿರಾರು ರೂಪಾಯಿಯ ಮಾತ್ರೆ ನುಂಗುತ್ತಿದ್ದೇವೆ. ಲೋಟ ಇಸಿದುಕೊಂಡು ನಮಸ್ಕಾರ ಹೇಳು, ಅವರು ಹೋದ ಮೇಲೆ ಗಿಡದ ಬುಡಕ್ಕೆ ಸುರಿ.

ಕೆಲಸ ಮಾಡಿದ ದಿನ ಸೊಂಟ ಹಿಡಿಯುತ್ತದೆ. ಆಗ ಮೆಡಿಕಲ್ ಸ್ಟೋರಿಗೆ ಹೋಗಿ ನೋವಿನ ಮಾತ್ರೆ ಕೇಳಬೇಡ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಟ್ಯಾಕ್ರೊಲಿಮಸ್ಸಿನ ಜೊತೆ ಸೇರಿದರೆ ಕಿಡ್ನಿಗೆ ಕೇಡು. ಯಾವ ಮಾತ್ರೆ, ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಫೋನು ಮಾಡು. ಮೂತ್ರ ಕಡಿಮೆಯಾದರೆ, ಕಿಡ್ನಿಯ ಜಾಗದಲ್ಲಿ ನೋವು ಬಂದರೆ, ತೋಟದ ಕೆಲಸದ ನಂತರದ ದಿನಗಳಲ್ಲಿ ಒಣಕೆಮ್ಮು ಹಿಡಿದರೆ ಹಾಗೆಯೇ. ಮಣ್ಣು ಮುಟ್ಟಿದ್ದನ್ನು ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಅದರಿಂದಲೇ ಹೊಳೆಯುವುದು.

ಮುಂದಿನ ಸಲ ಟ್ಯಾಕ್ರೊಲಿಮಸ್ ಮಟ್ಟ ನೋಡಲು ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಲು ಹೋಗುತ್ತೀಯಲ್ಲ, ಆಗ ನಿನ್ನ ಮನೆಯ ಕೆಲಸಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ‘ಕೆಲಸ ಮಾಡಬಹುದಾ’ ಎಂದು ಕೇಳಿದರೆ ಡಾಕ್ಟರು ‘ನಿಧಾನವಾಗಿ ಮಾಡಿ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತಾರೆ. ಬಟ್ಟೆ ಒಗೆಯುವುದು, ನೀರು ಸೇದುವುದು, ಕುಂಡ ಬದಲಿಸುವುದು ಎಂದು ಒಂದೊಂದಾಗಿ ಕೇಳು, ಒಂದೊಂದಕ್ಕೂ ಉತ್ತರ ಬರೆಸಿಕೊಂಡೇ ಎದ್ದು ಬಾ.

ಇಂತಿ ನಿನ್ನ
ದೊಡ್ಡಮ್ಮ