‘ಹೌದ್ರೀ’ ಅಂದವರೆಲ್ಲ ಒಪ್ಪಿಕೊಂಡವರಲ್ಲ

ಬನಹಟ್ಟಿ ಭಾಗದಲ್ಲಿ ಕಾನೂನು ನೆರವಿನ ವಕೀಲಿಕೆ ಮಾಡುವ ನಮ್ಮಂಥವರಿಗೆ ಆರೋಪಿಯ ಮುಖ ಮೊದಲು ಕಾಣುವುದು ರಿಮಾಂಡ್ ದಿನ, ಅದೂ ಕೋರ್ಟಿನ ಪಡಸಾಲೆಯಲ್ಲಿ, ಕೆಲವೇ ನಿಮಿಷ. ಬುದ್ಧಿಮಾಂದ್ಯತೆಯೋ ಆಟಿಸಮ್ಮೋ ಇರುವ ವಯಸ್ಕರನ್ನು ಅಷ್ಟರಲ್ಲೇ ಗುರುತಿಸಬೇಕು. ಅಲ್ಲಿ ತಪ್ಪಿದರೆ ಮುಂದೆ ಯಾರೂ ಕೇಳುವುದಿಲ್ಲ.

1. ಮುಖ ನೋಡಿ ತಿಳಿಯುವುದಿಲ್ಲ. ಇಂಥವನು ಮಗ್ಗಕ್ಕೆ ಕಂಡಿಕಿ ಸುತ್ತುತ್ತಾನೆ, ಹೇಳಿದರೆ ಚಹಾ ತಂದುಕೊಡುತ್ತಾನೆ, ಕಾಡಸಿದ್ಧೇಶ್ವರ ಜಾತ್ರೆಗೆ ಎಲ್ಲರಿಗಿಂತ ಮುಂದೆ. ಓಣಿಯವರ ಪಾಲಿಗೆ ಅವನೊಬ್ಬ ‘ಸಾದಾ ಮನಷ್ಯಾ’. ಅದೇ ಮನುಷ್ಯ ಠಾಣೆಯಲ್ಲಿ ಕಣ್ಣು ತಪ್ಪಿಸಿದರೆ ಕಳ್ಳ, ಸುಮ್ಮನಿದ್ದರೆ ಸೊಕ್ಕಿನವ.

2. ಹೌದು-ಅಲ್ಲ ಪ್ರಶ್ನೆ ಕೇಳಲೇಬೇಡಿ. ‘ನೀನು ಅಲ್ಲಿ ಹೋಗಿದ್ದಿ, ಹೌದೋ ಅಲ್ಲೋ?’ ಎಂದರೆ ‘ಅಲ್ಲೋ’ ಅನ್ನುತ್ತಾನೆ. ತಿರುಗಿಸಿ ‘ಅಲ್ಲೋ ಹೌದೋ?’ ಎಂದರೆ ‘ಹೌದೋ’. ಕೊನೆಯ ಪದವನ್ನೇ ಮರಳಿ ಹೇಳುವುದು ಆಟಿಸಂ ಇರುವ ಹಲವರಲ್ಲಿ ಕಾಣುವ ರೂಢಿ, ಅದು ಉತ್ತರವಲ್ಲ. ಬುದ್ಧಿಮಾಂದ್ಯತೆ ಇರುವವರದು ಇನ್ನೊಂದು ದಾರಿ. ಎದುರಿಗಿದ್ದವರಿಗೆ ಸಿಟ್ಟು ಬರಬಾರದೆಂದು ಎಲ್ಲಕ್ಕೂ ‘ಹೌದ್ರೀ ಸಾಹೇಬ್ರ’. ಹಾಗಾಗಿ ನಾನು ಬೇರೆಯೇ ಕೇಳುತ್ತೇನೆ: ಇವತ್ತು ಯಾವ ವಾರ? ನೂರು ರೂಪಾಯಿ ಕೊಟ್ಟು ಅರವತ್ತರ ಸಾಮಾನು ತಂದರೆ ವಾಪಸ್ ಎಷ್ಟು? ಜಾಮೀನು ಅಂದರೆ ಏನು, ನಿನ್ನ ಮಾತಿನಲ್ಲೇ ಹೇಳು. ಕೇಳಿದ ಮೇಲೆ ಸುಮ್ಮನೆ ಕಾಯಬೇಕು, ಬಾಯಿಗೆ ಮಾತು ಇಡಬಾರದು.

ಹೀಗೆ ಎಲ್ಲಕ್ಕೂ ‘ಹೌದ್ರೀ’ ಅನ್ನುವುದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. 1972ರಲ್ಲಿ ಲಂಡನ್ನಿನ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಕೊಲೆ ಪ್ರಕರಣದಲ್ಲಿ 18 ವರ್ಷದ ಕಾಲಿನ್ ಲ್ಯಾಟಿಮೋರ್ ತಪ್ಪೊಪ್ಪಿಕೊಂಡ. ಅವನ ಬುದ್ಧಿಯ ಮಟ್ಟ ಎಂಟು ವರ್ಷದ ಮಗುವಿನದು. 1975ರಲ್ಲಿ ಶಿಕ್ಷೆ ರದ್ದಾಯಿತು. ಇಂಥವರ ವಿಚಾರಣೆಯ ವೇಳೆ ಪೊಲೀಸರಲ್ಲದ ವಯಸ್ಕರೊಬ್ಬರು ಪಕ್ಕದಲ್ಲಿರಬೇಕೆಂಬ ನಿಯಮ ಅಲ್ಲಿ ಗಟ್ಟಿಯಾದದ್ದು ಆ ಪ್ರಕರಣದ ನಂತರವೇ, 1984ರ ಕಾಯ್ದೆಯ ಮೂಲಕ.

3. ಅವ್ವನನ್ನು ಕೇಳಿ. ಮಾತು ಯಾವಾಗ ಬಂತು, ಸಾಲಿ ಎಷ್ಟನೇತ್ತಕ್ಕೆ ಬಿಟ್ಟ, ಮಾಸಾಶನ ಬರುತ್ತದೆಯೇ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಇದೆಯೇ. ಹಳ್ಳಿಯಾದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಒಂದು ಫೋನ್ ಮಾಡಿದರೂ ಎಷ್ಟೋ ತಿಳಿಯುತ್ತದೆ. ಕಾರ್ಡು ಇಲ್ಲವೆಂದರೆ ವಿಕಲತೆ ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಕಲತೆಗಳ ಪಟ್ಟಿಯಲ್ಲಿ ಆಟಿಸಂ ಇದೆ ಎನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

4. ಹುಚ್ಚು ಬೇರೆ, ಇದು ಬೇರೆ. ಮಾನಸಿಕ ಕಾಯಿಲೆ ನಡುವೆ ಬರಬಹುದು, ಔಷಧಿಗೆ ಇಳಿಯಬಹುದು. ಬುದ್ಧಿಮಾಂದ್ಯತೆ, ಆಟಿಸಂ ಚಿಕ್ಕಂದಿನಿಂದ ಬಂದದ್ದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಲು ಅರ್ಜಿ ಹಾಕುವಾಗ ‘ಮಾನಸಿಕ ಸ್ಥಿತಿ ಪರೀಕ್ಷಿಸಿ’ ಎಂದಷ್ಟೇ ಬರೆದರೆ ವರದಿಯೂ ಕಾಯಿಲೆಯ ಬಗ್ಗೆಯೇ ಬರುತ್ತದೆ. ಬುದ್ಧಿಮಟ್ಟ, ಆಟಿಸಂ ಎರಡನ್ನೂ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಬೇಕೆಂದು ಬಿಡಿಸಿ ಬರೆಯಿರಿ. ತನ್ನ ಪರವಾಗಿ ವಾದಿಸಿಕೊಳ್ಳುವ ಶಕ್ತಿ ಆರೋಪಿಗೆ ಇದೆಯೇ ಎಂದು ಮ್ಯಾಜಿಸ್ಟ್ರೇಟರು ತೀರ್ಮಾನಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಮು ಇದೆ.

5. ಲೈಂಗಿಕ ಅಪರಾಧದ ಸಂತ್ರಸ್ತೆಗೆ ವಿಕಲತೆ ಇದ್ದರೆ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ನೆರವು, ವಿಡಿಯೊ ದಾಖಲೆ ಎಂದು ಅದೇ ಸಂಹಿತೆ ಹೇಳುತ್ತದೆ. ಆರೋಪಿಯ ವಿಷಯದಲ್ಲಿ ಅಷ್ಟು ಬಿಡಿಸಿ ಹೇಳಿಲ್ಲ. ಇದು ದೊಡ್ಡ ಕೊರತೆ. ಆದರೂ 2016ರ ಕಾಯ್ದೆಯ 12ನೇ ಕಲಮು ಹಿಡಿದು ಆರೋಪಿಗೂ ಅಂಥದೇ ನೆರವು ಕೇಳುತ್ತೇನೆ, ಕೇಳುತ್ತಲೇ ಇರಬೇಕು.

6. ವಿಕಲಚೇತನರಿಗೂ ಬಂಧನದಲ್ಲಿರುವವರಿಗೂ ವಕೀಲರು ಉಚಿತ, ಆದಾಯದ ಮಿತಿ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100.

7. ಜಾಮೀನು ಸಿಕ್ಕ ದಿನ ಷರತ್ತು ಓದಿ. ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಮಾಡಬೇಕು ಎಂದಿದ್ದರೆ, ವಾರವೇ ತಿಳಿಯದವನು ಹೇಗೆ ಬಂದಾನು? ತಪ್ಪಿಸಿದರೆ ಜಾಮೀನೇ ರದ್ದಾದೀತು. ಅಣ್ಣನೋ ಅವ್ವನೋ ಜೊತೆಗೆ ಬರಲು ಅವಕಾಶ ಕೇಳಿ, ಸಾಧ್ಯವಾದರೆ ಅವರು ಹೇಗೂ ಪೇಟೆಗೆ ಬರುವ ಸಂತೆಯ ದಿನವನ್ನೇ ಸಹಿಯ ದಿನವಾಗಿ ಆದೇಶದಲ್ಲಿ ಬರೆಸಿಕೊಳ್ಳಿ.