ಬಾರ್ಲಿ ಹಿಪ್ಪೆಗೆ ಬ್ರೆಡ್ಡಿಗಿಂತ ಖಾರ ಬಿಸ್ಕೆಟ್ ವಾಸಿ

ಬಿಯರ್‌ಗೆಂದು ಬಾರ್ಲಿಯ ಸಿಹಿನೀರು ಬಸಿದುಕೊಂಡ ಮೇಲೆ ಉಳಿಯುವ ಹಿಪ್ಪೆಯನ್ನು ಅಡುಗೆಗೆ ಬಳಸಬಹುದೇ ಎಂದು ಕೇಳಿ ಬೆಂಗಳೂರಿನ ಪಶ್ಚಿಮ ಭಾಗದ ಹಲವು ಓದುಗರು ಬರೆದಿದ್ದಾರೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

● ನನ್ನ ಮಗ ಮೈಕ್ರೋಬ್ರೂವರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಬಸಿದು ಬಿಟ್ಟ ಬಾರ್ಲಿಯನ್ನು ಒಂದು ಡಬ್ಬಿ ತಂದಿದ್ದ. ರಾತ್ರಿ ಹಾರ್ಲಿಕ್ಸಿನ ಹಾಗೆ ಘಮ ಇತ್ತು, ಬೆಳಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ‘ಇದರಲ್ಲಿ ಮದ್ಯ ಇರುತ್ತೆ, ಒಲೆ ಹತ್ತಿರ ತರಬೇಡ’ ಅಂತಾರೆ ನಮ್ಮತ್ತೆ. ಹೌದಾ ಮೇಡಂ?
— ಗೃಹಿಣಿ, ಅತ್ತಿಗುಪ್ಪೆ

ಇದರಲ್ಲಿ ಮದ್ಯ ಇಲ್ಲ. ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಂದು ಗಂಟೆ ಬಿಡುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಿಹಿನೀರನ್ನು ಬಸಿದು, ಕುದಿಸಿ, ಆರಿಸಿದ ಮೇಲಷ್ಟೇ ಯೀಸ್ಟ್ ಹಾಕುತ್ತಾರೆ. ಮದ್ಯ ಹುಟ್ಟುವುದು ಆಮೇಲೆ. ಅಷ್ಟರಲ್ಲಿ ಕಾಳು ಹೊರಗೆ ಬಂದಿರುತ್ತದೆ.

ಆದರೆ ಹುಳಿ ಬಂದ ಆ ಡಬ್ಬಿಯನ್ನು ಬಳಸಬೇಡಿ. ಹಸಿ ಹಿಪ್ಪೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಜೊತೆಗೆ ಒಂದಿಷ್ಟು ಸಕ್ಕರೆಯೂ ಉಳಿದಿರುತ್ತದೆ. ಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಂದೇ ರಾತ್ರಿಗೆ ಹಳಸುತ್ತದೆ. ಮುಂದಿನ ಸಲ ಬಸಿದ ದಿನವೇ ತರಿಸಿಕೊಂಡು, ತಟ್ಟೆಯಲ್ಲಿ ಹರಡಿ ಆರಿಸಿ. ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನದೊಳಗೆ ಬಳಸಿಬಿಡಿ. ಫ್ರೀಜರ್‌ನಲ್ಲಿ ಎರಡು ತಿಂಗಳು ಇರುತ್ತದೆ. ನೂರು ಲೀಟರ್ ಬಿಯರ್‌ಗೆ ಸುಮಾರು 20 ಕಿಲೋ ಹಸಿ ಹಿಪ್ಪೆ ಉಳಿಯುತ್ತದೆ, ಹೆಚ್ಚಿನದು ಹಸುಗಳ ಮೇವಾಗುತ್ತದೆ. ಹಾಗಾಗಿ ಕೇಳಿದರೆ ಒಂದೆರಡು ಕಿಲೋ ಕೊಡಲು ಯಾರೂ ಹಿಂಜರಿಯಲಾರರು.

● ಆನ್‌ಲೈನಿನಲ್ಲಿ ಕಿಟ್ ತರಿಸಿ ಮನೆಯಲ್ಲೇ ಬಿಯರ್ ಮಾಡಬೇಕೆಂದಿದ್ದೇನೆ. ಉಳಿದ ಕಾಳಿನಿಂದ ಬ್ರೆಡ್ ಮಾಡುವ ಆಸೆಯೂ ಇದೆ. ಹೇಗೆ ಶುರು ಮಾಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಚಂದ್ರಾ ಲೇಔಟ್

ಮೊದಲು ಕಾನೂನಿನ ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಅದರೊಳಗೆ ಬರುತ್ತದೆ. ಕಿಟ್ ಸಿಗುತ್ತದೆ ಎಂದ ಮಾತ್ರಕ್ಕೆ ತಯಾರಿಕೆಗೆ ಅನುಮತಿ ಸಿಕ್ಕ ಹಾಗಲ್ಲ. ಆ ಕೆಲಸಕ್ಕೆ ಕೈ ಹಾಕಬೇಡಿ.

ಆದರೆ ಯೀಸ್ಟ್ ಹಾಕುವುದಕ್ಕೆ ಮುಂಚಿನ ಹಂತದಲ್ಲೇ ನಿಂತರೆ ಒಳ್ಳೆಯ ಮಾಲ್ಟ್ ಪಾನೀಯವೂ ಸಿಗುತ್ತದೆ, ಹಿಪ್ಪೆಯೂ ಸಿಗುತ್ತದೆ. ಬಾರ್ಲಿ ಮಾಲ್ಟ್ 250 ಗ್ರಾಂ ತೆಗೆದುಕೊಂಡು ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ ಒಡೆಯಿರಿ. ಅಂಗಡಿಯಲ್ಲಿ ಸಿಗುವ ಬಿಳಿ ಬಾರ್ಲಿ ಆಗುವುದಿಲ್ಲ. ಅದಕ್ಕೆ ಪಾಲಿಶ್ ಮಾಡಿರುತ್ತಾರೆ, ಮೊಳಕೆ ಬರಿಸಿರುವುದಿಲ್ಲ. ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಒಟ್ಟು ಒಂದು ಲೀಟರ್ ಆಗುವ ಹಾಗೆ ನೋಡಿಕೊಳ್ಳಿ. ಅದಕ್ಕೆ ಮಾಲ್ಟ್ ಸುರಿದು ಕದಡಿದರೆ, ಥರ್ಮಾಮೀಟರ್ ಇಲ್ಲದೆಯೂ ಹೆಚ್ಚುಕಡಿಮೆ ಬೇಕಾದ ಬಿಸಿಗೆ ಬಂದು ನಿಲ್ಲುತ್ತದೆ. ಪಾತ್ರೆ ಮುಚ್ಚಿ, ದಪ್ಪ ಟವೆಲ್ ಸುತ್ತಿ ಒಂದು ಗಂಟೆ ಬಿಡಿ. ತೆಳು ಬಟ್ಟೆಯಲ್ಲಿ ಸೋಸಿ, ಮೇಲೆ ಅರ್ಧ ಲೀಟರ್ ಬಿಸಿನೀರು ಹಾಕಿ ಮತ್ತೆ ಹಿಂಡಿಕೊಳ್ಳಿ. ಸೋಸಿದ ನೀರನ್ನು ಹತ್ತು ನಿಮಿಷ ಕುದಿಸಿ, ಹಾಲು, ಏಲಕ್ಕಿ ಬೆರೆಸಿ ಅಂದೇ ಕುಡಿಯಿರಿ. ಸಕ್ಕರೆ ಬೇಕಾಗುವುದಿಲ್ಲ. ಬಟ್ಟೆಯಲ್ಲಿ ಉಳಿದದ್ದೇ ನಿಮಗೆ ಬೇಕಾದ ಹಿಪ್ಪೆ.

● ಹಿಪ್ಪೆಯನ್ನು ಮೈದಾಕ್ಕೆ ಅರ್ಧಕ್ಕರ್ಧ ಸೇರಿಸಿ ಬ್ರೆಡ್ ಮಾಡಿದೆ. ಉಬ್ಬಲೇ ಇಲ್ಲ. ಇಟ್ಟಿಗೆಯಂತಾಗಿ, ಬಾಯಿಗೆ ಹೊಟ್ಟು ಚುಚ್ಚುತ್ತಿತ್ತು.
— ನಿವೃತ್ತ ಶಿಕ್ಷಕಿ, ರಾಜಾಜಿನಗರ

ಬ್ರೆಡ್ ಉಬ್ಬುವುದು ಗೋಧಿಯ ಅಂಟಿನಿಂದ, ಅಂದರೆ ಗ್ಲೂಟೆನ್‌ನಿಂದ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಆ ಅಂಟಿನ ಎಳೆಗಳೇ. ಹಿಪ್ಪೆಯಲ್ಲಿ ಪಿಷ್ಟ ಬಹುಪಾಲು ಕರಗಿ ಹೋಗಿರುತ್ತದೆ. ಒಣ ತೂಕದಲ್ಲಿ ಸುಮಾರು ಅರ್ಧದಷ್ಟು ನಾರು, ಐದನೇ ಒಂದು ಭಾಗದಷ್ಟು ಪ್ರೋಟೀನ್ ಇರುತ್ತದೆ. ಆದರೆ ಆ ಪ್ರೋಟೀನ್ ಗೋಧಿಯದರಂತೆ ಎಳೆ ಕಟ್ಟುವುದಿಲ್ಲ. ಹೊಟ್ಟಿನ ಚೂಪು ಅಂಚುಗಳು ಮೈದಾದ ಎಳೆಗಳನ್ನೂ ಕತ್ತರಿಸುತ್ತವೆ. ಹಾಗಾಗಿ ಬ್ರೆಡ್ಡಿಗೆ ಒಣ ಹಿಪ್ಪೆ ಹಿಟ್ಟು ಹತ್ತರಲ್ಲಿ ಒಂದು ಪಾಲು ಸಾಕು.

ಈ ಅಳತೆ ನಂಬಿ: ಮೈದಾ 400 ಗ್ರಾಂ, ಜರಡಿ ಹಿಡಿದ ಹಿಪ್ಪೆ ಹಿಟ್ಟು 50 ಗ್ರಾಂ, ನೀರು 300 ಮಿಲಿ, ಒಣ ಯೀಸ್ಟ್ 5 ಗ್ರಾಂ, ಉಪ್ಪು 8 ಗ್ರಾಂ, ಒಂದು ಚಮಚ ಸಕ್ಕರೆ, ಎರಡು ಚಮಚ ಎಣ್ಣೆ. ಹಿಪ್ಪೆ ಹಿಟ್ಟನ್ನು ಮೊದಲು ಅರ್ಧ ಗಂಟೆ ಇದೇ ನೀರಿನಲ್ಲಿ ನೆನೆಸಿ. ನೆನೆದ ಹೊಟ್ಟು ಮೆತ್ತಗಾಗುತ್ತದೆ, ಎಳೆ ಕಡಿಯುವುದು ಕಡಿಮೆಯಾಗುತ್ತದೆ. ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಿದ ಮೇಲೆ 200 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ಹಸಿ ಹಿಪ್ಪೆಯನ್ನೇ ಹಾಕುವುದಾದರೆ 100 ಗ್ರಾಂ ಹಾಕಿ, ನೀರನ್ನು 220 ಮಿಲಿಗೆ ಇಳಿಸಿ.

ಆದರೂ ಹೊಸಬರಿಗೆ ನಾನು ಬ್ರೆಡ್ ಹೇಳುವುದಿಲ್ಲ, ಖಾರ ಬಿಸ್ಕೆಟ್ ಹೇಳುತ್ತೇನೆ. ಅದು ಉಬ್ಬಬೇಕಿಲ್ಲ, ಬಾಯಲ್ಲಿ ಪುಡಿಯಾಗಬೇಕು. ಬ್ರೆಡ್ಡಿಗೆ ಕೊರತೆಯಾದ ಗುಣವೇ ಇಲ್ಲಿ ಒಳ್ಳೆಯದಾಗುತ್ತದೆ. ಮೈದಾ 160 ಗ್ರಾಂ, ಹಿಪ್ಪೆ ಹಿಟ್ಟು 40 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ ಒಂದೂವರೆ ಚಮಚ, ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಕಲಸಲು ಎರಡು ಮೂರು ಚಮಚ ಮೊಸರು. ಲಟ್ಟಿಸಿ, ಕತ್ತರಿಸಿ, 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಮಾಲ್ಟಿನ ಹುರಿದ ಘಮ ಹಸಿಮೆಣಸಿನಕಾಯಿ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ.

● ಮಳೆಗಾಲದಲ್ಲಿ ಹಿಪ್ಪೆ ಒಣಗಿಸುವುದು ಹೇಗೆ? ನಮ್ಮಲ್ಲಿ ಓವನ್ ಇಲ್ಲ. ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ, ಅವರು ತಿನ್ನಬಹುದೇ?
— ಓದುಗರು, ಕೆಂಗೇರಿ

ಓವನ್ ಇದ್ದವರು ತಟ್ಟೆಯಲ್ಲಿ ತೆಳ್ಳಗೆ ಹರಡಿ, 90ರಿಂದ 100 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ, ನಡುನಡುವೆ ಕೈಯಾಡಿಸುತ್ತ ಒಣಗಿಸಬಹುದು. ನೀವು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿಯಿರಿ. ಬಿಸಿಲಿದ್ದರೂ ಮೊದಲು ಬಾಣಲೆಯಲ್ಲಿ ನೀರಿನಂಶ ಇಂಗಿಸಿ, ಆಮೇಲೆ ಮಾಳಿಗೆಗೆ ಹಾಕಿ. ಹಸಿಯಾಗಿ ಬಿಸಿಲಿಗೆ ಹಾಕಿದರೆ ಒಣಗುವ ಮುಂಚೆಯೇ ಹುಳಿ ಬರುತ್ತದೆ. ಕಾಳು ಕಚ್ಚಿದರೆ ಕಟ್ ಎನ್ನಬೇಕು. ಒಂದು ಕಿಲೋ ಹಸಿ ಹಿಪ್ಪೆಗೆ ಕಾಲು ಕಿಲೋದಷ್ಟು ಒಣಗಿದ್ದು ಸಿಗುತ್ತದೆ. ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯಿರಿ. ಎಣ್ಣೆಯಂಶ ಇರುವುದರಿಂದ ಹಿಟ್ಟಿಗೆ ಬೇಗ ಕಮಟು ಬರುತ್ತದೆ, ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಅಕ್ಕಿ ರೊಟ್ಟಿ, ಚಪಾತಿಗೆ ನಾಲ್ಕು ಲೋಟ ಹಿಟ್ಟಿಗೆ ಅರ್ಧ ಲೋಟ ಬೆರೆಸಿ. ನಿಪ್ಪಟ್ಟಿಗೂ ಇದೇ ಅಳತೆ.

ಸಕ್ಕರೆ ಕಾಯಿಲೆಯವರು ಇದನ್ನು ರೊಟ್ಟಿಯಲ್ಲಿ ತಿನ್ನಬಹುದು. ಆದರೆ ಇದು ಔಷಧಿಯಲ್ಲ, ಬರಿಯ ನಾರಿನ ಹಿಟ್ಟು. ಮೈದಾ, ಬೆಣ್ಣೆ ಹಾಕಿದ ಬಿಸ್ಕೆಟ್ ಅವರಿಗೆ ಮಿತವಾಗಿರಲಿ. ಬಾರ್ಲಿಯಲ್ಲೂ ಗ್ಲೂಟೆನ್ ಇದೆ. ಸೀಲಿಯಾಕ್ ಕಾಯಿಲೆ ಇದ್ದವರಿಗೆ ಇದನ್ನು ಕೊಡಲೇಬಾರದು.

● ಬಿಯರ್ ಸಹವಾಸವೇ ಬೇಡ ಎನ್ನುವ ನಮ್ಮಂಥವರಿಗೆ ರಾಗಿಯಲ್ಲಿ ಇಂಥದ್ದು ಇಲ್ಲವೇ? ಮೊಮ್ಮಗುವಿಗೆ ರಾಗಿ ಸರಿ ಮಾಡುವಾಗ ಬಟ್ಟೆಯಲ್ಲಿ ಉಳಿದದ್ದನ್ನು ಎಸೆಯುತ್ತೇನೆ.
— ಅಜ್ಜಿ, ವಿಜಯನಗರ

ದಯವಿಟ್ಟು ಎಸೆಯಬೇಡಿ, ಅಮ್ಮಾ. ರಾಗಿಯ ಸುಣ್ಣದಂಶದಲ್ಲಿ ದೊಡ್ಡ ಪಾಲು ಇರುವುದು ಆ ಸಿಪ್ಪೆಯಲ್ಲೇ. ಕಂದನ ಹೊಟ್ಟೆಗೆ ಒರಟಾದದ್ದು ದೊಡ್ಡವರಿಗೆ ಒಳ್ಳೆಯದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಸಿಪ್ಪೆಯನ್ನು ಬಿಸ್ಕೆಟ್ ಹಿಟ್ಟಿಗೆ ಬೆರೆಸಿ ನೋಡಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾದಾ ರಾಗಿಯ ಸಿಪ್ಪೆಯಾದರೆ ನೂರಕ್ಕೆ 10 ಪಾಲು, ಮೊಳಕೆ ರಾಗಿಯದಾದರೆ 20 ಪಾಲು ಹಾಕಬಹುದು ಎಂದು ಕಂಡುಕೊಂಡರು. ಮೇಲಿನ ಖಾರ ಬಿಸ್ಕೆಟ್ಟಿಗೆ ಮೊಳಕೆ ರಾಗಿ ಸಿಪ್ಪೆ ಅದೇ 40 ಗ್ರಾಂ ಹಾಕಿ. ಹಾಲುಬಾಯಿಗೆ ರಾಗಿ ಹಾಲು ತೆಗೆದ ಮೇಲೆ ಉಳಿಯುವ ಚರಟವನ್ನು ಒಣಗಿಸಿ, ಅರ್ಧದಷ್ಟು ಹಾಕಿ.

● ನಾಯಿಗೆ ಈ ಹಿಪ್ಪೆಯ ಬಿಸ್ಕೆಟ್ ಕೊಡಬಹುದೇ?
— ಕಾಲೇಜು ವಿದ್ಯಾರ್ಥಿನಿ, ನಾಗರಭಾವಿ

ಬರಿಯ ಕಾಳಿನ ಹಿಪ್ಪೆಯಾದರೆ ಸ್ವಲ್ಪ ಕೊಡಬಹುದು. ಬಿಯರ್‌ಗೆ ಕಹಿ ಕೊಡಲು ಹಾಕುವ ಹಾಪ್ಸ್ ಎಂಬ ಹೂವು ಮಾತ್ರ ನಾಯಿಗಳಿಗೆ ವಿಷ. ಮೈಯ ತಾಪ ವಿಪರೀತ ಏರಿ ಜೀವಕ್ಕೇ ಅಪಾಯವಾಗುತ್ತದೆ. ಸಾಮಾನ್ಯವಾಗಿ ಕಾಳು ತೆಗೆದ ಮೇಲೆ ಹಾಪ್ಸ್ ಹಾಕುತ್ತಾರೆ, ಆದರೂ ಕೇಳಿ ಖಚಿತ ಮಾಡಿಕೊಳ್ಳಿ. ಅನುಮಾನ ಇದ್ದರೆ ಬೇಡ. ನಾಯಿ ಬಿಸ್ಕೆಟ್ಟಿಗೆ ಉಪ್ಪು, ಈರುಳ್ಳಿ, ಚಾಕೊಲೇಟ್ ಹಾಕಬಾರದು.

● ನಮ್ಮದು ಸಣ್ಣ ಬೇಕರಿ. ಈ ಬಿಸ್ಕೆಟ್ ಮಾರಬಹುದೇ?
— ಬೇಕರಿ ಮಾಲೀಕರು, ಬಸವೇಶ್ವರನಗರ

ಖಂಡಿತ. ಬೆಂಗಳೂರಿನಲ್ಲೇ ‘ಸೇವಿಂಗ್ ಗ್ರೇನ್ಸ್’ ಎಂಬ ಸಂಸ್ಥೆ ಮೈಕ್ರೋಬ್ರೂವರಿಗಳ ಹಿಪ್ಪೆಯನ್ನು ಒಣಗಿಸಿ ಹಿಟ್ಟು, ತಿನಿಸು ಮಾಡುತ್ತಿದೆ. ಅಡುಗೆ ಕಲಿತ ಎಲಿಜಬೆತ್ ಯಾರ್ಕ್ ಇದನ್ನು ಕಟ್ಟಿದವರು. ನಿಮ್ಮ ಬೇಕರಿಯ ಎಫ್‌ಎಸ್‌ಎಸ್‌ಎಐ ನೋಂದಣಿ ಚಾಲ್ತಿಯಲ್ಲಿರಲಿ. ಲೇಬಲ್ ಮೇಲೆ ಬಾರ್ಲಿ ಮತ್ತು ಗ್ಲೂಟೆನ್ ಇದೆ ಎಂದು ನಮೂದಿಸಿ. ಯಾವ ದಿನ ತಂದದ್ದು, ಯಾವಾಗ ಒಣಗಿಸಿದ್ದು ಎಂದು ಪುಸ್ತಕದಲ್ಲಿ ಬರೆದಿಡಿ. ಕೆಲಸದವರಿಗೆ ತರಬೇತಿ ಬೇಕಿದ್ದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಗಿರಾಕಿ ಕೇಳಿದರೆ ಇದು ಬಿಯರ್‌ ತಯಾರಿಕೆಯ ಹಿಪ್ಪೆ ಎಂದು ಮುಚ್ಚಿಡದೆ ಹೇಳಿ.

ಎಲ್ಲರಿಗೂ ಒಂದು ಮಾತು. ಮೊದಲ ಸಲ ಅರ್ಧ ಕಿಲೋ ಹಸಿ ಹಿಪ್ಪೆಗಿಂತ ಹೆಚ್ಚು ತರಬೇಡಿ. ತಂದ ದಿನವೇ ಒಣಗಿಸಿ, ಮೊದಲು ಖಾರ ಬಿಸ್ಕೆಟ್ ಮಾಡಿ. ಕೈ ಕುದುರಿದ ಮೇಲೆ ಬ್ರೆಡ್ಡಿಗೆ ಬನ್ನಿ.